ಬಡಗಲ ಗೋಡೆಯಲ್ಲಿ ಚರ್ಚಿನ ಕಿಟಕಿ

ಮಕ್ಕಳೇ, ಮೊನ್ನೆ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಅಂಗೈಯಗಲದ ನೀಲಿ ಬೆಳಕು ಬಿದ್ದಿತ್ತು. ಪಕ್ಕದಲ್ಲೇ ಕೆಂಪು, ಹಳದಿ. ನೀವು ಅದರಲ್ಲಿ ಕಾಲಿಟ್ಟು ನಕ್ಕಿರಿ. ನಾನು ಒಲೆ ಆರಿಸಿ ಕಿಟಕಿಯತ್ತ ತಿರುಗಿದೆ...

ಆ ಬಣ್ಣದ ಗಾಜಿನ ಕಿಟಕಿ ಹೊನ್ನಾಳಿ ರಸ್ತೆಯಲ್ಲಿದ್ದ ಹಳೆಯ ಚರ್ಚಿನದು. ಇಂಗ್ಲಿಷರ ಕಾಲದಲ್ಲಿ ಪರದೇಶದ ಪಾದ್ರಿ ಸ್ವಾಮಿಗಳೊಬ್ಬರು ಕಟ್ಟಿಸಿದ್ದಂತೆ. ಬೆಲ್ಲದ ನೀರು ಹಾಕಿ ಅರೆದ ಗಾರೆ, ಮೊಳ ದಪ್ಪದ ಗೋಡೆ, ತುದಿ ಚೂಪಾದ ಕಮಾನುಗಳು. ಮೂಡಲ ಗೋಡೆಯಲ್ಲಿ, ಪೀಠದ ಮೇಲೆ, ಈ ಕಿಟಕಿ. ಇದನ್ನೆಲ್ಲ ಹೇಳಿದವಳು ಅಲ್ಲಿ ಗಂಟೆ ಬಾರಿಸುತ್ತಿದ್ದ ಅಜ್ಜಿ, ನಮ್ಮ ಬೀದಿಯವಳು. ಅವಳ ಅಜ್ಜಿ ಆ ಗಾರೆ ಹೊತ್ತವಳಂತೆ.

"ನನ್ನ ಮದುವೇಲಿ ಈ ಕಿಟಕಿ ನೀಲಿ ಬೆಳಕು ನನ್ ಸೀರೆ ಮ್ಯಾಲೆ ಬಿತ್ತು ಕಣವ್ವಾ. ಬಿಳಿ ಸೀರೆ ಹುಡುಗಿ ಎಲ್ಲಿಗೋದ್ಲು ಅಂತ ನಮ್ಮ ಯಜಮಾನ ಗಾಬರಿಯಾದ!" ಎಂದು ನಗುತ್ತಿದ್ದಳು.

ಎಂಬತ್ತರ ದಶಕದ ಶುರುವಿನಲ್ಲಿ ಗೋಡೆ ಬಿರಿದು ಚರ್ಚು ಕೆಡವಿದರು. ಮರಮುಟ್ಟು ಮಾರಿದರು. ಆಗ ಈ ಮನೆ ಕಟ್ಟಿಸುತ್ತಿದ್ದ ನಿಮ್ಮ ತಾತ ಕಿಟಕಿಯನ್ನು ಗಾಡಿಯಲ್ಲಿ ಹುಲ್ಲು ಹಾಸಿ ತಂದರು. ಮೂಡಲಕ್ಕೆ ತಲೆಬಾಗಿಲು ಇಟ್ಟಾಗಿತ್ತು. ಅದಕ್ಕೇ ಬಿಸಿಲು ಕಾಣದ ಬಡಗಲ ಗೋಡೆಗೆ, ಅಡುಗೆಮನೆಗೆ ಕೂರಿಸಿದರು.

ಗೃಹಪ್ರವೇಶದ ಮಾರನೇ ಬೆಳಿಗ್ಗೆ ಅಜ್ಜಿ ಬಂದು ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಕೂತಳು. ಹೊತ್ತು ಏರಿತು. ನೆಲ ಹಾಗೇ ಇತ್ತು.

"ಬಿಸ್ಲು ಬರಲ್ವೇನವ್ವಾ ಇಲ್ಲಿಗೆ?"

"ಬಡಗಲ ಗೋಡೆ ಅಜ್ಜಿ..."

"ಮುಂದ್ಲ ಗೋಡೆಗೆ ಹಾಕ್ಸಾಕೆ ನಿನ್ ಗಂಡಗೆ ಹೇಳು. ಸಾಯಾದ್ರೊಳಗೆ ಒಂದ್ಸಲ ಆ ನೀಲಿ ನೋಡ್ಬೇಕು."

ಹೂಂ ಅಂದೆ. ನಿಮ್ಮ ತಾತ ಕೆಟ್ಟವರಲ್ಲ. ಕೇಳಿದ್ದರೆ ಒಪ್ಪುತ್ತಿದ್ದರೇನೋ... ಆದರೆ ಅವರೆದುರು ನಿಂತು ಇಂಥದ್ದು ಬೇಕು ಎಂದು ಕೇಳಿ ನನಗೆ ಅಭ್ಯಾಸವೇ ಇರಲಿಲ್ಲ. ನೀರು ಕೊಡುವಾಗ ಕೇಳೋಣ ಅಂದುಕೊಳ್ಳುತ್ತಿದ್ದೆ. ಚೊಂಬು ಇಟ್ಟು ಒಳಗೆ ಬರುತ್ತಿದ್ದೆ.

ಸಂತೆಗೆ ಹೋಗುವಾಗೆಲ್ಲ ಅಜ್ಜಿ ಬೀದಿಯಿಂದಲೇ ಕೂಗುತ್ತಿದ್ದಳು: "ಕೇಳಿದ್ಯೇನವ್ವಾ? ಬಾಯಾಗೇನು ಎಲಡಿಕೆ ಐತಾ?"

"ನಾಳೆ ಕೇಳ್ತೀನಜ್ಜಿ."

ಕಡೆಕಡೆಗೆ ಅವಳ ದನಿ ಕೇಳಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಆಮೇಲೆ ಕಟ್ಟಿದ ಹೊಸ ಚರ್ಚಿನಲ್ಲಿ ಅವಳಿಗಾಗಿ ಬೇರೆ ಯಾರೋ ಗಂಟೆ ಬಾರಿಸಿದರು.

ಈಗ ನಮ್ಮ ಬಡಗಲಿಗೆ ಗಾಜಿನ ಗೋಡೆಯ ಅಂಗಡಿ ಎದ್ದಿದೆ. ಬಿಸಿಲು ಅದಕ್ಕೆ ಬಡಿದು ನಮ್ಮ ಕಿಟಕಿಯೊಳಗೆ ಬರುತ್ತಿದೆ.

ಮೊನ್ನೆ ನೀವು ಶಾಲೆಗೆ ಹೋದ ಮೇಲೆ ಅಜ್ಜಿ ಕೂತಿದ್ದ ಆ ಮಣೆ ಹುಡುಕಿ ತಂದು ಬೆಳಕಿನಲ್ಲಿಟ್ಟೆ. ಕೂರಲು ಮನಸ್ಸಾಗಲಿಲ್ಲ. ನೀಲಿ ಮಣೆಯಿಂದ ಜರುಗಿ ಗೋಡೆ ಹತ್ತಿ ಮಾಯವಾಗುವ ತನಕ ಪಕ್ಕದಲ್ಲೇ ನಿಂತಿದ್ದೆ...