ಲಾಲಮ್ಮನ ಏಡಿ ವಡೆ, ಅವ್ವನ ಹಿಂಬಾಗಿಲು

ಬೆಳಗಿನ ಐದೂವರೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಗೆ ಹೊಂದಿಕೊಂಡ ಬಾಷುಮಿಯಾ ಅವರ ಖಾನಾವಳಿಯ ಹಿತ್ತಲಿನಲ್ಲಿ ಒದ್ದೆ ಗೋಣಿಚೀಲವೊಂದು ತಾನಾಗಿಯೇ ಮಿಸುಕಾಡುತ್ತಿದೆ. ಲಾಲಮ್ಮ ಸೆರಗು ಬಿಗಿದು ಕುಕ್ಕರಗಾಲಲ್ಲಿ ಕೂತು ಚೀಲದ ಬಾಯಿ ಬಿಚ್ಚುತ್ತಾರೆ, ಒಳಗೆ ಕೈ ಹಾಕುತ್ತಾರೆ. ನೋಡುವವರ ಎದೆ ಝಲ್ಲೆನ್ನಬೇಕು, ಅವರಿಗೆ ಮಾತ್ರ ಏನೂ ಇಲ್ಲ. ಬೆನ್ನಿನ ಚಿಪ್ಪಿಗೆ ಹೆಬ್ಬೆರಳೊತ್ತಿ ಒಂದೊಂದೇ ಏಡಿಯನ್ನು ಎತ್ತಿ ಕುದಿನೀರಿನ ಬೋಗುಣಿಗೆ ಬಿಡುತ್ತಾರೆ.

"ಕೈ ನಡುಗಿದ್ರ ಹಿಡಿತದ್ರಿ. ನಡುಗಲಿಲ್ಲಂದ್ರ ಅದಕ್ಕೂ ಗೊತ್ತಾಗ್ತದ, ಇಕಿ ಹಳಬಾಕಿ ಅಂತ," ಎಂದು ನಗುತ್ತಾರೆ. ಮಾತೇನೋ ಸರಿ. ಆದರೆ ಬಲಗೈ ತೋರುಬೆರಳಿನ ಮೇಲಿನ ಮೂರು ಕಲೆಗಳು ಬೇರೆಯೇ ಕತೆ ಹೇಳುತ್ತವೆ.

ಬೆಂದ ಏಡಿಯ ಚಿಪ್ಪು ತೆಗೆದು ಮಾಂಸ ಬಿಡಿಸುವುದು ತಾಳ್ಮೆಗೇಡಿಗಳ ಕೆಲಸವಲ್ಲ. ಕಚ್ಚುವ ಕೊಂಬಿನ ಮೂಲೆಯಲ್ಲಿ ಅಡಗಿದ್ದನ್ನು ಎಳೆಯಲು ಲಾಲಮ್ಮ ಜಾಲಿಮುಳ್ಳು ಬಳಸುತ್ತಾರೆ. ಸಣ್ಣ ಕಾಲುಗಳೆಲ್ಲ ಒರಳಿಗೆ ಬೀಳುತ್ತವೆ, ಕುಟ್ಟಿ ಸೋಸಿದರೆ ಸಾರಿಗೆ ರಸ. ಮಾಂಸಕ್ಕೆ ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊತ್ತಂಬರಿ, ಕುಟ್ಟಿದ ಕೆಂಪು ಖಾರ. ಅಂಗೈಯಲ್ಲಿ ತಟ್ಟಿ, ಶೇಂಗಾ ಎಣ್ಣೆ ಸವರಿದ ಹಂಚಿನ ಮೇಲೆ ಎರಡೂ ಬದಿ ಕೆಂಪಗಾಗುವವರೆಗೆ ಬೇಯಿಸುತ್ತಾರೆ. ಹೊಗೆಗೆ ಕಣ್ಣು ನೀರಾಡುತ್ತದೆ, ಹಾಗಾಗಿ ವಡೆ ಮಗುಚುವುದು ಕಿವಿಯ ಅಂದಾಜಿನ ಮೇಲೆ. ಚುರ್ ಎನ್ನುವ ಸದ್ದು ಇಳಿಯಿತೆಂದರೆ ಸೌಟು ಹೋಗುತ್ತದೆ.

ದಿನಕ್ಕೆ ಹದಿನೈದು ಕಿಲೋ ಏಡಿ, ನೂರಿಪ್ಪತ್ತು ವಡೆ. ಸಂಗಡ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಏಡಿ ಸಾರು. ಮಧ್ಯಾಹ್ನ ಒಂದೂವರೆಗೆ ಬಂದವರು ಬರೀ ವಾಸನೆ ಕುಡಿದು ಹೋಗಬೇಕು. ಯಾದಗಿರಿಯಿಂದ ಕಾರು ಮಾಡಿಕೊಂಡು ಬರುತ್ತಾರೆ, ನಾರಾಯಣಪುರ ಡ್ಯಾಮಿನ ಕ್ವಾರ್ಟರ್ಸಿನವರು ಡಬ್ಬಿ ಕಳಿಸುತ್ತಾರೆ. ಉಂಡವರೆಲ್ಲ ಕೈ ಒರೆಸಿಕೊಳ್ಳುತ್ತ ಹೊಗಳುವುದು ಮಾತ್ರ ಬಾಷುಮಿಯಾನ ವಡೆಯನ್ನು. ಪಾಪ, ಬಾಷುಮಿಯಾ ಜನ್ಮದಲ್ಲಿ ಒಂದು ಏಡಿ ಮುಟ್ಟಿದವರಲ್ಲ. ಒಳಗೆ ಲಾಲಮ್ಮ ಇದ್ದಾರೆ ಎಂದು ಅವರು ಹೇಳುವಷ್ಟರಲ್ಲಿ ಗಿರಾಕಿ ಗಾಡಿ ಶುರು ಮಾಡಿರುತ್ತಾನೆ.

ಲಾಲಮ್ಮನಿಗೆ ಅದರ ಚಿಂತೆ ಇಲ್ಲ. ಹೊಗಳಿಕೆ ಬೇಕಾಗಿದ್ದರೆ ಮುಂದೆ ಬಂದು ನಿಲ್ಲುತ್ತಿದ್ದೆ, ನನಗೇನು ಕಾಲಿಲ್ಲವೇ ಎಂದು ಕೇಳುತ್ತಾರೆ. ಅವರ ಮನಸ್ಸು ಹತ್ತಿರುವುದು ಬೇರೆಯದಕ್ಕೆ. ಮಧ್ಯಾಹ್ನದ ಗದ್ದಲದಲ್ಲೂ ಆಗಾಗ ತಲೆಯೆತ್ತಿ ಹಿಂಬಾಗಿಲ ಕಡೆ ನೋಡುತ್ತಾರೆ. ಅಲ್ಲಿಗೆ ಬರುವುದು ಅವರ ಅವ್ವ ಚಂದಮ್ಮ.

ಈ ವಡೆ ಹುಟ್ಟಿದ್ದು ಚಂದಮ್ಮನ ಕೈಯಲ್ಲಿ. ವಡಗೇರಾ ಕಡೆಯ ಹಳ್ಳಿಯೊಂದರ, ಊರ ಹೊರಗಿನ ಕೇರಿಯ ಹೆಣ್ಣುಮಗಳು. ಹಳ್ಳದ ದಂಡೆಯ ಬಿಲಕ್ಕೆ ಮೊಣಕೈವರೆಗೆ ಕೈ ಹಾಕಿ ಏಡಿ ಎಳೆಯುತ್ತಿದ್ದಳು. ಮೇಲಿನ ಮನೆಗಳವರು ಮೂಗು ಮುಚ್ಚಿಕೊಳ್ಳುತ್ತಿದ್ದ ಊಟ ಅದು. ಮನೆಯವರ ಹೊಟ್ಟೆ ತುಂಬಿ ಉಳಿದದ್ದನ್ನು ಬುಟ್ಟಿಗೆ ಹಾಕಿ ಇದೇ ಖಾನಾವಳಿಗೆ ತಂದು ಮಾರುತ್ತಿದ್ದಳು. ಆಗ ಮಾಲಕರು ಬೇರೆಯವರು. ಬುಟ್ಟಿ ಒಳಗೆ ಹೋಗುತ್ತಿತ್ತು, ಚಂದಮ್ಮ ಹೋಗುವಂತಿರಲಿಲ್ಲ. ಹಿತ್ತಲಲ್ಲಿ ನಿಂತೇ ಏನಾದರೂ ತಿಂದು ಬಸ್ಸು ಹಿಡಿಯಬೇಕು. ಸೆರಗು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ ಎಂಟು ವರ್ಷದ ಹುಡುಗಿಯೇ ಲಾಲಮ್ಮ.

"ಕಿಡಕ್ಯಾಗಿಂದ ಒಳಗಿನ ಕುಂದ್ರು ಬಾಕು ಕಾಣ್ತಿದ್ದುವ್ರಿ. ಅವ್ವ ಅತ್ತಾಗ ನೋಡ್ತಿದ್ದಿಲ್ಲ, ನಾ ನೋಡ್ತಿದ್ದೆ. ನಮ್ಮವ್ವ ಅಲ್ಲಿ ಕುಂತ್ರ ಹೆಂಗ ಕಾಣಬಹುದು ಅಂತ."

ಇಪ್ಪತ್ತೆರಡು ವರ್ಷಗಳ ಹಿಂದೆ ಬಾಷುಮಿಯಾ ಈ ಜಾಗ ಕೊಂಡಾಗ ಲಾಲಮ್ಮ ಬಂದದ್ದು ಮುಸುರೆ ತಿಕ್ಕಲು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಎರಡು ಕೂಸು. ಒಂದು ದಿನ ತನ್ನ ಬುತ್ತಿಗೆಂದು ಒಲೆಯ ಮೂಲೆಯಲ್ಲಿ ನಾಲ್ಕು ಏಡಿ ವಡೆ ಬೇಯಿಸಿಕೊಂಡರು. ವಾಸನೆ ಹಿಡಿದು ಬಂದ ಬಾಷುಮಿಯಾ ನಿಂತ ನಿಲುವಿನಲ್ಲೇ ಮೂರನ್ನು ಮುಗಿಸಿ ನಾಲ್ಕನೆಯದಕ್ಕೂ ಕೈ ಹಾಕಿದರು. ಮಾರನೆಯ ದಿನ ಮುಸುರೆಗೆ ಬೇರೆಯವರು ಬಂದರು, ಲಾಲಮ್ಮನ ಕೈಗೆ ಸೌಟು ಬಂತು. ಆಕೆಯ ನಾಲ್ಕನೆಯ ವಡೆಯನ್ನೂ ತಾವೇ ತಿಂದುಬಿಟ್ಟೆವಲ್ಲ ಎಂದು ಬಾಷುಮಿಯಾ ಇವತ್ತಿಗೂ ನಾಚಿಕೊಳ್ಳುತ್ತಾರೆ.

ಕಾಲ ಬದಲಾಯಿತು. ಕೇರಿ, ಊರು ಎನ್ನದೆ ಎಲ್ಲರೂ ಒಂದೇ ಬಾಕಿನ ಮೇಲೆ ಒತ್ತಿಕೊಂಡು ಕೂತು ಉಣ್ಣುತ್ತಾರೆ. ಬದಲಾಗದವಳು ಚಂದಮ್ಮ ಒಬ್ಬಳೇ. ಎಪ್ಪತ್ತು ದಾಟಿ ಎಷ್ಟಾಯಿತೋ ಅವಳಿಗೇ ಲೆಕ್ಕವಿಲ್ಲ. ಸಂತೆಯ ದಿನ ಬಸ್ಸಿಗೆ ಬರುತ್ತಾಳೆ, ಸುತ್ತು ಹಾಕಿ ಹಿಂಬಾಗಿಲಿಗೇ ಬರುತ್ತಾಳೆ. ಮಗಳು ಕೊಟ್ಟ ವಡೆಯನ್ನು ಅಂಗೈ ಮೇಲಿಟ್ಟುಕೊಂಡು ನಿಂತೇ ತಿನ್ನುತ್ತಾಳೆ. ಬಾಷುಮಿಯಾ ಕೈಮುಗಿದು ಕರೆದದ್ದಕ್ಕೆ ಎಣಿಕೆಯಿಲ್ಲ. ಒಂದು ಸಲ ಕಾಲಿಗೆ ಕೆಸರಾಗಿದೆ ಅಂದಳು. ಇನ್ನೊಂದು ಸಲ ಬಸ್ಸು ಬರುವ ಹೊತ್ತಾಯಿತು ಅಂದಳು. ಒಳಗಿನ ಫ್ಯಾನಿನ ಗಾಳಿ ತನಗೆ ಆಗಿಬರುವುದಿಲ್ಲ ಎಂದೂ ಒಮ್ಮೆ ಹೇಳಿದಳು. ಆವತ್ತು ಕರೆಂಟು ಇರಲಿಲ್ಲ.

ಲಾಲಮ್ಮ ಜಗಳವಾಡಿ ನೋಡಿದರು, ಮಾತು ಬಿಟ್ಟು ನೋಡಿದರು. ಈ ವರ್ಷ ಚಂದಮ್ಮನ ಕೊನೆಯ ದವಡೆ ಹಲ್ಲೂ ಹೋಯಿತು, ಎಡಗಣ್ಣಿಗೆ ಪೊರೆ ಬಂದಿದೆ. ಬಸ್ಸು ಹತ್ತುವುದು ಇನ್ನೆಷ್ಟು ದಿನವೋ. ಈಗ ಏಡಿ ಸಿಗುವ ಡ್ಯಾಮಿನ ಕಾಲುವೆಯ ನೀರು ನಿಂತರೆ ಏಡಿಯೂ ಇಲ್ಲ, ಮುಂದಿನ ಮಳೆಗಾಲದವರೆಗೆ ಹಂಚು ತಣ್ಣಗೆ. ಅಷ್ಟರೊಳಗೆ ಅವ್ವ ಒಮ್ಮೆ ಗಿರಾಕಿಯ ಹಾಗೆ ಕೂತು ಉಣ್ಣಬೇಕು ಎಂಬ ಆಸೆ ಲಾಲಮ್ಮನ ಎದೆಯಲ್ಲಿ ಕಿಚ್ಚಾಗಿ ಉಳಿದಿತ್ತು. ಸಾವಿರಾರು ಜನರಿಗೆ ಬಡಿಸಿದ ಕೈ ಇದು, ಕಲಿಸಿದವಳಿಗೆ ತಾಟಿಟ್ಟು ಬಡಿಸಿರಲಿಲ್ಲ.

ಹೋದ ತಿಂಗಳು ಮಳೆರಾಯ ಸಹಾಯಕ್ಕೆ ಬಂದ. ಸಂತೆಯ ದಿನವೇ ಎಂಥಾ ಮಳೆ ಅಂತೀರಿ, ಹಿತ್ತಲ ತುಂಬ ಮೊಣಕಾಲುದ್ದ ನೀರು. ನಿಲ್ಲಲು ಜಾಗವಿಲ್ಲದೆ ಚಂದಮ್ಮ ರಸ್ತೆಯ ಬದಿಯಲ್ಲೇ ತೊಯ್ಯುತ್ತ ನಿಂತಿದ್ದಳು. ಲಾಲಮ್ಮ ಹಂಚು ಬಿಟ್ಟು ಓಡಿದರು. ಅವ್ವನ ರಟ್ಟೆ ಹಿಡಿದು ಮುಂಬಾಗಿಲಿನಿಂದ ಒಳಗೆ ತಂದು ಬಾಕಿನ ಮೇಲೆ ಕೂರಿಸಿದರು. ಪಕ್ಕದಲ್ಲಿ ಉಣ್ಣುತ್ತಿದ್ದ ಲಾರಿ ಡ್ರೈವರುಗಳು ತಲೆಯೆತ್ತಲೂ ಇಲ್ಲ. ಸ್ಟೀಲ್ ತಾಟಿನಲ್ಲಿ ಎರಡು ಬಿಸಿ ವಡೆ, ಮೆತ್ತನೆಯ ರೊಟ್ಟಿ, ಪುಂಡಿಪಲ್ಯ, ಚಟ್ನಿ, ಬಟ್ಟಲಲ್ಲಿ ಸಾರು. ಚಂದಮ್ಮ ವಡೆ ಮುರಿದಳು, ಬಾಯಿಗಿಟ್ಟಳು, ಬೊಚ್ಚುಬಾಯಲ್ಲಿ ಬಹಳ ಹೊತ್ತು ಆಡಿಸಿದಳು.

"ಖಾರ ಒಂಚೂರು ಕಮ್ಮಿ ಆಗ್ಯಾದಲ್ಲ," ಅಂದಳು.

ಲಾಲಮ್ಮನಿಗೆ ಸ್ವರ್ಗ ಮೂರೇ ಗೇಣು. ತಕರಾರು ತೆಗೆದಳು ಎಂದಮೇಲೆ ಗಿರಾಕಿಯಾದಳು ಎಂದೇ ಅರ್ಥವಲ್ಲವೇ? ಖಾರ ಕಲಸಿ ತರುತ್ತೇನೆಂದು ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು.

ತಿರುಗಿ ಬಂದಾಗ ಬಾಕು ಖಾಲಿ, ತಾಟೂ ಇಲ್ಲ. ಹೊರಗೆ ಹಿತ್ತಲಂಚಿನ ನಲ್ಲಿಯ ಹತ್ತಿರ ತಲೆಯ ಮೇಲೆ ಸೆರಗು ಹೊದ್ದು ಚಂದಮ್ಮ ಬಗ್ಗಿದ್ದಳು. ತಾನು ಉಂಡ ತಾಟನ್ನು ಮಣ್ಣು ಹಚ್ಚಿ ತಿಕ್ಕುತ್ತಿದ್ದಳು. ತೊಳೆದಳು, ಮಳೆಯಲ್ಲೇ ಹಿಡಿದುಕೊಂಡು ಅತ್ತಿತ್ತ ನೋಡಿದಳು.

"ಲಾಲೀ, ಇದನ್ನ ಎಲ್ಲಿ ಸಿಗಸಲಿ? ಗಿಡ ಕಾಣವಲ್ದು."

ಆಗಿನ ಮಾಲಕರ ಕಾಲದಲ್ಲಿ ಕೇರಿಯವರಿಗೆ ಬೇರೆ ತಾಟು. ಹಿತ್ತಲ ಬೇವಿನ ಮರದ ಕವಲಿನಲ್ಲಿ ಅದರ ಜಾಗ. ಉಂಡವರು ತಾವೇ ತೊಳೆದು ಅಲ್ಲೇ ಸಿಗಿಸಿ ಹೋಗಬೇಕು. ಆ ಮರ ಕಡಿದು ಹದಿನೈದು ವರ್ಷವಾಯಿತು. ಬಾಷುಮಿಯಾ ಛತ್ರಿಯಿಲ್ಲದೆ ಓಡಿಹೋಗಿ ಮುದುಕಿಯ ಕೈಯಿಂದ ತಾಟು ಇಸಿದುಕೊಂಡು ಒಳಗೆ ಬಂದರು. ಚಂದಮ್ಮನಿಗೆ ತಾನೇನು ತಪ್ಪು ಮಾಡಿದೆ ಎಂದು ಕೊನೆಗೂ ತಿಳಿಯಲಿಲ್ಲ. ಮಗಳು ಯಾಕೆ ಅಳುತ್ತಿದ್ದಾಳೆ ಎಂದು ಮಾತ್ರ ಕೇಳುತ್ತಲೇ ಇದ್ದಳು.

ಆಮೇಲೆ ಮೂರು ಸಂತೆ ಕಳೆದಿವೆ, ಚಂದಮ್ಮ ಬಂದಿಲ್ಲ. ಮೈಯಲ್ಲಿ ಹುಷಾರಿಲ್ಲವಂತೆ. ಕಾಲುವೆಗೆ ಇನ್ನೂ ಕೆಲವು ವಾರ ನೀರಿದೆ. ಈ ಸಲದ ಸಂತೆಗೆ ಲಾಲಮ್ಮ ತಾವೇ ಹೋಗಿ ಕರೆತರುವವರಿದ್ದಾರೆ, ರಜೆಯನ್ನೂ ಕೇಳಿಯಾಗಿದೆ. ನಿಮಗಾಗಿ ಏನೂ ಬೇಡವೇ ಎಂದರೆ ಲಾಲಮ್ಮ ಹಂಚಿನ ಮೇಲಿನ ವಡೆ ಮಗುಚುತ್ತಾರೆ.

"ನನಗೇನ್ ಬೇಕ್ರಿ. ನಮ್ಮವ್ವ ಹೊಟ್ಟಿತುಂಬ ಉಂಡು, ತಾಟ ಅಲ್ಲೇ ಟೇಬಲ್ ಮ್ಯಾಲ ಬಿಟ್ಟು, ಕೈ ಝಾಡಿಸ್ಕೋತ ಎದ್ದು ಹೋಗಬೇಕು. ಹಿಂದ ತಿರುಗಿ ನೋಡಬಾರದು. ಆ ತಾಟ ನಾ ತೊಳಿತೀನಿ."