ಬೋರ್ಡಿನ ಪಕ್ಕದ ಎರಡನೇ ರಾಣಿ

ಬೆಳಗಿನ ಆರು ಗಂಟೆ. ಸಭಾಂಗಣದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐದು ಮೇಜು, ಐದು ಚೆಸ್ ಬೋರ್ಡು, ಹತ್ತು ಕುರ್ಚಿ. ನೀಲಿ ಏಪ್ರನ್ ತೊಟ್ಟ ಐವತ್ತಾರರ ಹೆಂಗಸೊಬ್ಬರು ಮೆತ್ತನೆಯ ಬಟ್ಟೆಯಲ್ಲಿ ಕುದುರೆಯ ಕಿವಿ ಒರೆಸುತ್ತಿದ್ದಾರೆ, ಮಗುವಿನ ಮುಖ ಒರೆಸುವಷ್ಟು ಜೋಪಾನವಾಗಿ. ಬೆಳಕಿಗೆ ಹಿಡಿದು ನೋಡುತ್ತಾರೆ. ಅಡಿಗೆ ಅಂಟಿಸಿದ ಹಸಿರು ಬಟ್ಟೆ ಎದ್ದಿದೆಯೇ ಎಂದು ಹೆಬ್ಬೆರಳಲ್ಲಿ ತಡವಿ, ಅದರ ಮನೆಯ ನಟ್ಟನಡುವೆ ಇಡುತ್ತಾರೆ.

ಜಗತ್ತಿನ ಘಟಾನುಘಟಿ ಆಟಗಾರರು ಹತ್ತು ಮಂದಿ ಇಲ್ಲಿ ಸೇರಿದ್ದಾರೆ. ಪ್ರತಿಯೊಬ್ಬರೂ ಉಳಿದ ಒಂಬತ್ತು ಮಂದಿಯ ಎದುರು ಒಂದೊಂದು ಸಲ ಕೂರಬೇಕು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಇವತ್ತು ಒಂಬತ್ತನೆಯ ಸುತ್ತು, ಕಡೆಯದು. ಅವರ ಒಂದೊಂದು ನಡೆಯನ್ನೂ ಲಕ್ಷಾಂತರ ಜನ ನೋಡುತ್ತಾರೆ. ಕಾಯಿಗಳನ್ನು ಅಲ್ಲಿಟ್ಟ ಕೈಯನ್ನು ಯಾರೂ ನೋಡಿಲ್ಲ.

ಒಂದು ಬೋರ್ಡಿಗೆ ಮೂವತ್ತೆರಡು ಕಾಯಿ ಎಂದು ಚೆಸ್ ಬಲ್ಲ ಯಾರಾದರೂ ಹೇಳುತ್ತಾರೆ. ಇವರ ಲೆಕ್ಕ ಮೂವತ್ತನಾಲ್ಕು. ಬಿಳಿಯವರ ಬಲಗೈಗೊಂದು, ಕಪ್ಪಿನವರ ಬಲಗೈಗೊಂದು ಹೆಚ್ಚುವರಿ ರಾಣಿ ಬೋರ್ಡಿನ ಪಕ್ಕದಲ್ಲಿರುತ್ತದೆ. ಕಾಲಾಳು ಒಂದೊಂದೇ ಹೆಜ್ಜೆ ಇಟ್ಟು ಆಚೆ ತುದಿ ಮುಟ್ಟಿದರೆ ರಾಣಿಯಾಗುತ್ತದಲ್ಲ, ಆಗ ಬೇಕಾಗುವ ಕಾಯಿ ಅದು. ಐದು ಬೋರ್ಡಿಗೆ ಒಟ್ಟು ನೂರೆಪ್ಪತ್ತು ಕಾಯಿ. ಹತ್ತು ಗಂಟೆಗೆ ಭದ್ರತೆಯವರು ಬಂದು ತಪಾಸಣೆ ಮಾಡಿ ಬಾಗಿಲು ಹಾಕಿದರೆ, ಮೂರಕ್ಕೆ ಆಟ ಶುರುವಾಗುವವರೆಗೆ ಒಳಗೆ ನೊಣವೂ ಹೋಗುವಂತಿಲ್ಲ. ಅಷ್ಟರೊಳಗೆ ಇವರು ಪಕ್ಕದ ರಾಣಿಗಳನ್ನು ಮೂರು ಸಲ ಎಣಿಸುತ್ತಾರೆ. ಹಾಗಾಗಿ ಸಿಬ್ಬಂದಿಗೆಲ್ಲ ಇವರು 'ರಾಣಿಯಕ್ಕ'. ತಮಾಷೆಗಿಟ್ಟ ಹೆಸರು. ಎಣಿಸುವುದು ಮಾತ್ರ ತಮಾಷೆಗಲ್ಲ.

ರಾಣಿಯಕ್ಕ ಈ ಸಭಾಂಗಣದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಹನ್ನೆರಡು ವರ್ಷದ ಹಿಂದೆ ಪಂದ್ಯಾವಳಿ ಮೊದಲ ಸಲ ಇಲ್ಲಿಗೆ ಬಂದಾಗ, ಬೋರ್ಡು ಜೋಡಿಸಬೇಕಾದ ಆಸಾಮಿ ಜ್ವರ ಬಂದು ಮಲಗಿದ. ಕೈ ಖಾಲಿ ಇದ್ದವರು ಇವರೊಬ್ಬರೇ. ಆನೆ ಯಾವುದು ಒಂಟೆ ಯಾವುದು ಎಂದೇ ಗೊತ್ತಿರಲಿಲ್ಲವಂತೆ. ಚಿತ್ರ ನೋಡಿ ಜೋಡಿಸಿದರು. ಅಂದಿನಿಂದ ಆ ಕೆಲಸ ಇವರ ಕೊರಳಿಗೇ ಬಿತ್ತು. ಈ ಕಾಯಕದಲ್ಲಿ ಪಾಲುದಾರರು ಅವರ ಯಜಮಾನರು. ಟೈಲರ್ ಆಗಿದ್ದವರು ಮಂಡಿ ನೋವಿಗೆ ಹೊಲಿಗೆ ಮೆಷಿನ್ ತುಳಿಯುವುದು ಬಿಟ್ಟಿದ್ದಾರೆ, ಕತ್ತರಿ ಬಿಟ್ಟಿಲ್ಲ. ಕಾಯಿಗಳಡಿಯ ಹಸಿರು ಬಟ್ಟೆಯನ್ನು ದುಂಡಗೆ ಕತ್ತರಿಸಿ ಅಂಟಿಸುವವರು ಅವರೇ. ಹೆಂಡತಿಯ ಬಗ್ಗೆ ಅವರ ದೂರು ಒಂದೇ: "ಸಾರಿಗೆ ಉಪ್ಪು ಹಾಕೋದು ಮರೀತಾಳೆ. ರಾಣಿ ಮರೆಯಲ್ಲ."

ಒಂದು ಸಲ ಮರೆತಿದ್ದರು. ಏಳು ವರ್ಷದ ಹಿಂದೆ, ಹೀಗೇ ಕಡೆಯ ಸುತ್ತಿನ ದಿನ.

ಎರಡನೇ ಬೋರ್ಡಿನ ಬಿಳಿ ರಾಣಿಯೊಂದರ ಬಟ್ಟೆ ಎದ್ದಿತ್ತು. ಮನೆಗೊಯ್ದು ಯಜಮಾನರಿಂದ ಅಂಟಿಸಿಕೊಂಡು ತಂದ ರಾಣಿಯಕ್ಕ ಅದನ್ನು ಏಪ್ರನ್ ಜೇಬಿನಲ್ಲೇ ಬಿಟ್ಟುಬಿಟ್ಟರು. ಆ ಬೋರ್ಡಿನಲ್ಲಿ ಬಿಳಿ ಕಾಯಿ ಆಡುತ್ತಿದ್ದವನು ಹತ್ತೊಂಬತ್ತರ ತರುಣ. ಗೆದ್ದರೆ ಪ್ರಶಸ್ತಿಯೇ ಅವನದು. ಗಡಿಯಾರದಲ್ಲಿ ನಾಲ್ಕು ಸೆಕೆಂಡು ಉಳಿದಿರುವಾಗ ಕಾಲಾಳು ತುದಿ ಮುಟ್ಟಿತು. ಅವನ ಮೊದಲ ರಾಣಿ ಇನ್ನೂ ಬೋರ್ಡಿನ ಮೇಲೇ ಇತ್ತು. ಎರಡನೆಯದಕ್ಕೆ ಕೈ ಚಾಚಿದರೆ ಮೇಜು ಬೋಳು. ಗಾಬರಿಯಲ್ಲಿ, ಹೊಡೆಸಿಕೊಂಡು ಹೊರಗಿದ್ದ ತನ್ನ ಆನೆಯನ್ನೇ ತಲೆಕೆಳಗಾಗಿ ಇಟ್ಟು ಗಡಿಯಾರ ಒತ್ತಿದ. ಗೆಳೆಯರ ಆಟದಲ್ಲಿ ಅದು ರಾಣಿ. ದೊಡ್ಡವರ ನಿಯಮದಲ್ಲಿ ಆನೆ ಹೇಗೆ ನಿಂತರೂ ಆನೆಯೇ. ಎದುರಾಳಿ ಕೈ ಎತ್ತಿ ತೀರ್ಪುಗಾರರನ್ನು ಕರೆದ, ಅವರು ಆನೆ ಎಂದರು. ಕೈಗೆ ಬಂದಿದ್ದ ಗೆಲುವು ಡ್ರಾ ಆಯಿತು, ಅರ್ಧ ಅಂಕದಲ್ಲಿ ಪ್ರಶಸ್ತಿ ಜಾರಿತು.

ಮರುದಿನ ನಮ್ಮಂಥ ಪತ್ರಿಕೆಯವರೆಲ್ಲ ಆತುರಗಾರ ಎಂದು ಅವನನ್ನು ಹಿಗ್ಗಾಮುಗ್ಗಾ ಜರೆದರು. ರಾಣಿ ಎಲ್ಲಿ ಹೋಗಿತ್ತು ಎಂದು ಒಬ್ಬರಾದರೂ ಕೇಳಬೇಡವೇ? ಅದು ಸಂಜೆಯ ಬಸ್ಸಿನಲ್ಲಿ, ಚಿಲ್ಲರೆಗೆಂದು ಜೇಬಿಗೆ ಕೈ ಹಾಕಿದ ರಾಣಿಯಕ್ಕನ ಬೆರಳಿಗೆ ತಾಗಿತ್ತು. ಮುಂದಿನ ನಿಲ್ದಾಣದಲ್ಲೇ ಇಳಿದು ವಾಪಸ್ ಬಂದರು. ಮುಖ್ಯ ತೀರ್ಪುಗಾರರ ಬಳಿ ಹೋಗಿ ಹೇಳಿದರೆ, ಗಡಿಯಾರ ನಿಲ್ಲಿಸಿ ರಾಣಿ ಕೇಳುವ ಹಕ್ಕು ಅವನಿಗಿತ್ತು, ನೀವು ಮರೆತುಬಿಡಿ ಎಂದರು. ಮರೆಯುವುದು ಹೇಗೆ? ಆ ತರುಣನನ್ನು ಮತ್ತೆ ಏಳು ವರ್ಷ ಇಲ್ಲಿಗೆ ಯಾರೂ ಕರೆಯಲಿಲ್ಲ.

ಈ ವರ್ಷ ಕರೆದಿದ್ದಾರೆ. ಪಟ್ಟಿಯಲ್ಲಿ ಅವನ ಫೋಟೊ ಕಂಡ ದಿನದಿಂದ ರಾಣಿಯಕ್ಕನಿಗೆ ಊಟ ಸೇರಲಿಲ್ಲ. ಹೇಳಿದರೆ ಕೆಲಸಕ್ಕೆ ಸಂಚಕಾರ ಬರಬಹುದು, ಹೇಳದಿದ್ದರೆ ಮನಸ್ಸಿಗೆ ನೆಮ್ಮದಿಯಿಲ್ಲ. ಬಿಡುವಿನ ದಿನ ಮೇಜು ಒರೆಸುತ್ತಿದ್ದಾಗ, ಕುರ್ಚಿಯಲ್ಲಿ ಮರೆತುಹೋದ ಕೋಟು ಹುಡುಕಿಕೊಂಡು ಅವನೇ ಬಂದ. ಈಗ ಇಪ್ಪತ್ತಾರರ ಗಂಭೀರ ಯುವಕ. ಕೋಟು ಕೈಗೆ ಕೊಡುತ್ತಲೇ ಹೇಳಿಬಿಟ್ಟರು.

"ಅವತ್ತು ನಿಮ್ಮ ರಾಣಿ ನನ್ನ ಜೇಬಲ್ಲಿತ್ತಪ್ಪಾ. ತಪ್ಪು ನಂದು."

ಅವನು ಕೋಟನ್ನು ಮೇಜಿನ ಮೇಲಿಟ್ಟನಂತೆ. ಆಮೇಲೆ ಕುರ್ಚಿ ಎಳೆದು ಕೂತ.

"ಏಳು ವರ್ಷದಿಂದ ಕನಸಲ್ಲೂ ಆ ಮೇಜಿನ ಮೇಲೆ ಹುಡುಕ್ತಿದೀನಿ ಅಮ್ಮಾ. ಅಲ್ಲೇ ಇತ್ತು, ನಂಗೇ ಕಣ್ಣು ಕಾಣ್ಲಿಲ್ಲ ಅಂದ್ಕೊಂಡಿದ್ದೆ," ಎಂದ. ಆತುರ ತನ್ನದೂ ಹೌದು, ಗಡಿಯಾರ ನಿಲ್ಲಿಸಬೇಕಿತ್ತು ಎಂದೂ ಒಪ್ಪಿಕೊಂಡ. ಏಳುವಾಗ ಒಂದೇ ಮಾತು ಕೇಳಿದ: "ಈಗ ಇಡ್ತೀರಲ್ಲ?"

ಇವತ್ತು ಅವನು ಮೊದಲ ಸ್ಥಾನದವನಿಗಿಂತ ಅರ್ಧ ಅಂಕ ಹಿಂದಿದ್ದಾನೆ. ಮತ್ತೆ ಎರಡನೇ ಬೋರ್ಡು, ಮತ್ತೆ ಬಿಳಿ ಕಾಯಿ. ರಾಣಿಯಕ್ಕ ಇವತ್ತು ಮೂರಲ್ಲ, ಆರು ಸಲ ಎಣಿಸುತ್ತಾರೆ. ಬಾಗಿಲು ಹಾಕಲು ಬಂದ ಭದ್ರತೆಯವನು ನಗುತ್ತಾನೆ. ನಗಲಿ ಬಿಡಿ ಎಂದು ಏಳನೆಯ ಸಲ ಎಣಿಸಿ, ಏಪ್ರನ್ ಜೇಬು ಎರಡನ್ನೂ ಹೊರಗೆಳೆದು ಅವನಿಗೇ ತೋರಿಸಿ ಹೊರಬರುತ್ತಾರೆ.

ಆಟದ ಹೊತ್ತಿನಲ್ಲಿ ಅವರ ಜಾಗ ಪೊರಕೆ, ಬಕೆಟ್ಟುಗಳ ಕೋಣೆ. ಅಲ್ಲೊಂದು ಪುಟ್ಟ ಪರದೆಯಿದೆ. ಐದನೇ ಗಂಟೆಯ ಆಟದಲ್ಲಿ ಬಿಳಿ ಕಾಲಾಳೊಂದು ಆರನೇ ಸಾಲಿಗೆ ಬರುತ್ತದೆ, ಏಳಕ್ಕೆ ಬರುತ್ತದೆ. ಗಡಿಯಾರದಲ್ಲಿ ಒಂಬತ್ತು ಸೆಕೆಂಡು. ರಾಣಿಯಕ್ಕ ಬಕೆಟ್ಟನ್ನು ಬೋರಲು ಹಾಕಿ ಕೂತವರು ಎದ್ದು ನಿಲ್ಲುತ್ತಾರೆ. ಕಾಲಾಳು ತುದಿ ಮುಟ್ಟುತ್ತದೆ. ಕಣ್ಣು ಬೋರ್ಡಿನ ಮೇಲೇ ನೆಟ್ಟಿರುವಂತೆಯೇ ಅವನ ಬಲಗೈ ಪಕ್ಕಕ್ಕೆ ಹೋಗಿ, ಬಿಳಿ ರಾಣಿಯನ್ನು ತಂದು ಇಡುತ್ತದೆ. ಎರಡು ನಡೆ ಕಳೆಯುತ್ತಲೇ ಎದುರಾಳಿ ಸೋಲೊಪ್ಪಿ ಕೈ ಕುಲುಕುತ್ತಾನೆ.

ಇತ್ತ ಮೊದಲ ಸ್ಥಾನದವನ ಆಟ ಡ್ರಾ ಆಗಿ ಇಬ್ಬರ ಅಂಕವೂ ಸಮವಾಗಿದೆ. ನಾಳೆ ಇಬ್ಬರಿಗೂ ನಿರ್ಣಾಯಕ ಆಟ. ಒಂದೇ ಮೇಜು, ಮೂವತ್ತನಾಲ್ಕು ಕಾಯಿ. ರಾಣಿಯಕ್ಕ ಮತ್ತೆ ಆರಕ್ಕೆ ಬರುತ್ತಾರೆ. ಗೆದ್ದ ಮೇಲೆ ಅವನು ನಿಮ್ಮನ್ನು ಹುಡುಕಿಕೊಂಡು ಬರಲಿಲ್ಲವೇ ಎಂದು ಕೇಳಿದರೆ, ಕಣ್ಣೊರೆಸಿಕೊಂಡು ಪೊರಕೆ ಎತ್ತಿಕೊಳ್ಳುತ್ತಾರೆ.

"ಯಾಕೆ ಬರ್ಬೇಕು? ರಾಣಿ ಇದೆಯಾ ಅಂತ ಕೂಡ ಅವ್ರು ತಿರುಗಿ ನೋಡ್ಲಿಲ್ಲ. ಸುಮ್ನೆ ಕೈ ಚಾಚಿದ್ರು. ನಂಗೆ ಅಷ್ಟೇ ಬೇಕಾಗಿತ್ತು."