ಸುಂಕದ ಕಟ್ಟೆಯಲ್ಲಿ ಮೀನುಬುಟ್ಟಿ

ನಾನು ಬರೆದ ಪುಸ್ತಕದಲ್ಲಿ ರಾಜನಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜಗಳವೆಲ್ಲ ಶುರುವಾದದ್ದು ಅಲ್ಲಿಂದಲೇ.

ಹಳೆಯ ರಾಜಧಾನಿ ಬಾರಕೂರಿಗೆ ಹತ್ತಿರದ ಒಂದು ಶಾಲೆಯಲ್ಲಿ ನಾನು ಸಮಾಜ ಪಾಠ ಮಾಡುತ್ತೇನೆ. ಈ ಕಡೆ ಕಾಲಿಗೆ ಕಲ್ಲು ಎಡವಿದರೂ ಅದು ಶಾಸನವಿರಬಹುದೇ ಎಂದು ಬಗ್ಗಿ ನೋಡಬೇಕು. ಆದರೆ ನಮ್ಮ ಏಳನೇ ತರಗತಿಯ ಮಕ್ಕಳಿಗೆ ಹಿಂದಿನ ಕಾಲವೆಂದರೆ ಕಿರೀಟ, ಕತ್ತಿ, ಕುದುರೆ. ರಾಜ ಉಂಡ ಅನ್ನ ಬೆಳೆದವರು ಯಾರು ಎಂದು ಕೇಳಿದರೆ, ಅದೂ ರಾಜನೇ ಎಂದರು. ರೇಗಿ ಹೋಗಿ ಒಂದು ಸಣ್ಣ ಪುಸ್ತಕ ನಾನೇ ಬರೆದೆ. ಏಳೆಂಟು ನೂರು ವರ್ಷಗಳ ಹಿಂದೆ, ಇದೇ ಊರಿನಲ್ಲಿ, ಬೆಳಗಿನಿಂದ ಸಂಜೆಯವರೆಗಿನ ಒಂದು ದಿನ. ಅದರಲ್ಲಿ ಕುಂಬಾರನಿದ್ದ, ಗಾಣದವನಿದ್ದ, ಹೊಳೆ ದಾಟಿಸುವ ಅಂಬಿಗನಿದ್ದ, ತಲೆಯ ಮೇಲೆ ಮೀನು ಹೊತ್ತು ಬರುವ ಹೆಂಗಸಿದ್ದಳು, ಅವಳನ್ನು ತಡೆದು ನಿಲ್ಲಿಸುವ ಸುಂಕದವನಿದ್ದ. ಶಾಸನಗಳಲ್ಲಿ ಸುಂಕದ ಮಾತು ಬರುತ್ತದೆ, ಮೀನು ಹೊತ್ತವಳ ಮಾತು ನನಗೆ ಎಲ್ಲೂ ಸಿಕ್ಕಲಿಲ್ಲ. ಸಿಕ್ಕದಿದ್ದರೆ ನನಗೇನು? ಕಡಲ ಬದಿಯ ಊರು ಉಂಡಿತ್ತು ಅಂದಮೇಲೆ ಅವಳು ಇದ್ದೇ ಇದ್ದಳು. ಕೋಡಿ ಎಂಬ ಊರಿನಿಂದ ಬುಟ್ಟಿ ಹೊತ್ತು ಕುಂದಾಪುರದ ಮನೆಮನೆ ತಿರುಗಿದವಳ ಮಗಳು ನಾನು. ಇದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಪುಸ್ತಕ ಓದುವಾಗ ಮಕ್ಕಳಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಮೆಣಸಿನಕಾಯಿ. ಅದು ಆ ಕಾಲದಲ್ಲಿ ನಮ್ಮ ನಾಡಿಗೆ ಇನ್ನೂ ಬಂದೇ ಇರಲಿಲ್ಲ ಎಂದೆ.

"ಹಾಂಗಾರೆ ಮೀನ್ ಸಾರಿಗೆ ಎಂತ ಹಾಕ್ತಿದ್ರ್ ಟೀಚರೇ?"

"ಕಾಳುಮೆಣಸು."

"ಅಯ್ಯೋ ಪಾಪ!" ಎಂದಿತು ಇಡೀ ತರಗತಿ. ಆ ದಿನದಿಂದ ಆ ಹಳೆಯ ಊರಿನವರು ಇವರಿಗೆ ನೆಂಟರಾದರು. ಅದೇ ಹುರುಪಿನಲ್ಲಿ ವಾರ್ಷಿಕೋತ್ಸವಕ್ಕೆ ಇದನ್ನೇ ನಾಟಕ ಮಾಡೋಣ ಎಂದು ನಿಶ್ಚಯಿಸಿದೆವು.

ಮೊದಲ ದಿನದ ಅಭ್ಯಾಸ ನೋಡಿ ತಲೆ ಚಚ್ಚಿಕೊಂಡೆ. ನಮ್ಮ ಮಕ್ಕಳು ಹಿಂದಿನವರನ್ನು ಕಂಡದ್ದು ಯಕ್ಷಗಾನದ ರಂಗದಲ್ಲಿ ಮಾತ್ರ. ಕುಂಬಾರನಾದವನು ಎದೆ ಸೆಟೆಸಿ, "ಎಲೈ ಮಡಕೆಯೇ, ನಿಲ್ಲು ನಿಲ್ಲು!" ಎಂದು ಅಬ್ಬರಿಸಿದ. ಅಂಬಿಗ ದೋಣಿಯಲ್ಲೇ ಎರಡು ಸುತ್ತು ಕುಣಿದ. ಮನೆಯಲ್ಲಿ ಅಜ್ಜಿಯ ಹತ್ತಿರ ಹೇಗೆ ಮಾತಾಡುತ್ತೀರೋ ಹಾಗೆ ಮಾತಾಡಿ, ಇವರು ನಿಮ್ಮ ಅಜ್ಜಿಯ ಅಜ್ಜಿಯರು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಆಮೇಲೆ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಹೋಟೆಲು ಇಟ್ಟು ಮುಂದೆ ಬಂದ, ಶಾಲೆಗೆ ವೇದಿಕೆ ಕಟ್ಟಿಸಿಕೊಟ್ಟ ದೊಡ್ಡ ಮನುಷ್ಯರು.

"ಹ್ವಾಯ್ ಟೀಚರೇ, ರಾಜ ಇಲ್ದಿದ್ ನಾಟ್ಕ ಎಂತ ನಾಟ್ಕ? ಸಾಲಿಗ್ರಾಮ ಮೇಳದವ್ರ ಹತ್ರ ಕಿರೀಟ ಬಾಡಿಗೆಗೆ ಸಿಕ್ಕತ್ತ್, ನಾ ತರಿಸ್ತೆ. ಮತ್ತೆ ಆ ಮೀನ್ ಬುಟ್ಟಿ ಬ್ಯಾಡ. ಮಲ್ಲಿಗಿ ಹೂಗಿನ ಬುಟ್ಟಿ ಮಾಡಿ. ಮುಂದ್ ಅತಿಥಿಗಳ್ ಕೂತ್ಕಂಡಿರ್ತ್ರ್."

"ಹೂಗ್ ತಿಂದ್ಕಂಡ್ ಊರ್ ಬದ್ಕುಕ್ ಆತ್ತಾ? ಇವತ್ತ್ ಮಧ್ಯಾಹ್ನ ನೀವ್ ಉಂಡದ್ದ್ ಎಂತದ್ರ ಸಾರ್?"

"ಬಂಗುಡೆ ಮೀನಿಂದ್," ಎಂದರು, ಸುಳ್ಳು ಹೇಳುವ ಜನವಲ್ಲ. "ಆದ್ರೆ ಉಂಬುದ್ ಬೇರೆ, ಸ್ಟೇಜ್ ಬೇರೆ."

ಈ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಬಾಯಿಗೆ ಬೇಕು, ಕಣ್ಣಿಗೆ ಬೇಡ. ಏನಾದರೂ ಸರಿ, ಮೀನು ಹೊತ್ತವಳು ಆ ವೇದಿಕೆಯ ಮೇಲೆ ನಡೆದೇ ನಡೆಯುತ್ತಾಳೆ ಎಂದು ಹಟ ಹಿಡಿದೆ.

ಆ ಪಾತ್ರಕ್ಕೆ ನಾನು ಆರಿಸಿದ್ದು ಬ್ರಹ್ಮಾವರದಲ್ಲಿ ಮೀನು ಮಾರುವವಳ ಮಗಳನ್ನು. ಚುರುಕು ಹುಡುಗಿ, ಗಟ್ಟಿ ಗಂಟಲು. ಆದರೆ ಅವಳು ಬೆಂಚಿನಲ್ಲಿ ಕೂತರೆ ಪಕ್ಕದವಳು ಮೆಲ್ಲಗೆ ಆಚೆ ಸರಿಯುತ್ತಿದ್ದಳು. ನಾನು ಬೈದೆ, ಜಾಗ ಬದಲಿಸಿದೆ. ಸರಿಯುವುದು ನಿಲ್ಲಲಿಲ್ಲ. ವೇದಿಕೆಯ ಮೇಲೆ ಬುಟ್ಟಿ ಹೊತ್ತು ತಲೆಯೆತ್ತಿ ನಡೆದರೆ ಇವರೆಲ್ಲರ ಬಾಯಿ ಮುಚ್ಚುತ್ತದೆ ಎಂದು ನನ್ನ ಲೆಕ್ಕ. ಹುಡುಗಿಯ ಲೆಕ್ಕವೇ ಬೇರೆ ಇತ್ತು.

"ಮನೆಯೊಳ್ಗೂ ಮೀನ್, ಬೆಂಚ್ ಮೇಲೂ ಮೀನ್, ಸ್ಟೇಜ್ ಮೇಲೂ ಮೀನಾ? ನಾ ಮಾಡ್ತಿಲ್ಲೆ. ಅಷ್ಟ್ ಆಸೆ ಇದ್ರೆ ನೀವೇ ಹೊರಿ!"

ಎಲ್ಲರ ಎದುರು ಹೀಗೆ ಹೇಳಿದ್ದಕ್ಕೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಇಂಥ ಬಾಯಿ ನನಗೂ ಆ ವಯಸ್ಸಿನಲ್ಲಿ ಇತ್ತು, ಈಗಲೂ ಇದೆ.

"ಹೊರ್ತೆ. ನಿಂಗೆ ಯಾವ ಪಾತ್ರ ಬೇಕ್?"

"ಸುಂಕದವ. ಎಲ್ಲರ್ನೂ ನಿಲ್ಸಿ ಸುಂಕ ಕೇಂಬವ."

ಕೊಟ್ಟೆ. ಸುದ್ದಿ ಸಂಜೆಯೊಳಗೆ ಅಧ್ಯಕ್ಷರಿಗೆ ಮುಟ್ಟಿತು.

"ಟೀಚರ್ರೇ ಮೀನ್ ಹೊತ್ರೆ ಶಾಲೆ ಮರ್ಯಾದಿ ಎಂತಾತ್ತ್?"

"ನನ್ನ ಹೆತ್ತ ಅಬ್ಬಿ ಮೀನ್ ಹೊತ್ತದ್ದಕ್ಕೇ ನಾ ಟೀಚರ್ ಆದ್ದ್."

ಅವರು "ರಟ್ಟಿನ ಮೀನಾದ್ರೂ ಮಾಡಿ," ಎಂದು ಎದ್ದು ಹೋದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ವಾರ್ಷಿಕೋತ್ಸವದ ಸಂಜೆ ಹುಡುಗಿಯ ಅಮ್ಮನಿಂದಲೇ ಒಂದು ಬುಟ್ಟಿ ಬಂಗುಡೆ ಕೊಂಡು, ಮೇಲೆ ಬಾಳೆಲೆ ಮುಚ್ಚಿ ತಂದೆ. ಯಾರಿಗೂ ಹೇಳಲಿಲ್ಲ, ಹುಡುಗಿಗೂ. ಅಭ್ಯಾಸವೆಲ್ಲ ಖಾಲಿ ಬುಟ್ಟಿಯಲ್ಲೇ ನಡೆದಿತ್ತು.

ಕುಂಬಾರ ಬಂದು ಹೋದ, ಅಂಬಿಗ ಬಂದು ಹೋದ. ನಾನು ಸೀರೆಯ ಕಚ್ಚೆ ಬಿಗಿದು, ತಲೆಗೆ ಸಿಂಬೆ ಇಟ್ಟು, ಬುಟ್ಟಿ ಹೊತ್ತು ನಡೆದೆ. ನನಗಿಂತ ಮುಂಚೆ ವಾಸನೆ ಮುಂದಿನ ಸಾಲಿಗೆ ಮುಟ್ಟಿರಬೇಕು. ಕುರ್ಚಿಗಳು ಸರಿದಾಡಿದವು. ಅತಿಥಿಗಳ ನಡುವೆ ಕೂತ ಅಧ್ಯಕ್ಷರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಅವರನ್ನು ನೋಡಿ ಅಕ್ಕಪಕ್ಕದವರೂ ಹಿಡಿದರು.

"ಹ್ವಾಯ್, ನಿಲ್ಲಿ! ಬುಟ್ಟಿ ಇಳ್ಸಿ!"

ತಲೆಗೆ ಮುಂಡಾಸು ಸುತ್ತಿ, ಕೈಯಲ್ಲಿ ದೊಣ್ಣೆ ಹಿಡಿದ ನನ್ನ ಸುಂಕದವಳು. ಬುಟ್ಟಿ ಇಳಿಸಿದೆ. ಅವಳು ಬಾಳೆಲೆ ಸರಿಸಿದಳು, ನಿಜವಾದ ಮೀನು ಕಂಡಳು. ಕಣ್ಣೆತ್ತಿ ಮುಂದಿನ ಸಾಲಿನ ಕರವಸ್ತ್ರಗಳನ್ನು ನೋಡಿದಳು. ನನ್ನ ಹಟಕ್ಕೆ ಬಿದ್ದು ಊರ ಮುಂದೆ ಈ ಮಗುವಿನ ಮುಖ ತಗ್ಗಿಸಿದೆನೇ? ಏನಾದರೂ ಹೇಳಿ ಅವಳನ್ನು ಪಾರುಮಾಡಬೇಕೆಂದು, ಪುಸ್ತಕದಲ್ಲಿ ಇಲ್ಲದ ಮಾತೆಲ್ಲ ಆಡತೊಡಗಿದೆ. ಬಿಸಿಲು ಅಂದೆ, ಕಾಲುನೋವು ಅಂದೆ, ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ ಅಂದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆಯೇ ಇದೆಯಲ್ಲ. ಅವಳು ಕೇಳಿಸಿಕೊಳ್ಳಲೇ ಇಲ್ಲ.

ಬಗ್ಗಿ ಒಂದು ಬಂಗುಡೆ ಎತ್ತಿದಳು. ಅವಳ ಅಮ್ಮ ಗಿರಾಕಿಗಳಿಗೆ ತೋರಿಸುವ ಹಾಗೆಯೇ ಕಿವಿರು ಬಿಡಿಸಿ ನೋಡಿದಳು. ಕೆಂಪಗಿತ್ತು. ಅದನ್ನು ಮುಂದಿನ ಸಾಲಿನ ಕಡೆಗೆ ಎತ್ತಿ ಹಿಡಿದಳು.

"ಮೀನ್ ತಾಜಾ ಇತ್ತ್. ಇದಕ್ಕೆ ಸುಂಕ ಇಲ್ಲ," ಎಂದಳು. ಆಮೇಲೆ ದೊಣ್ಣೆಯನ್ನು ನೆಲಕ್ಕೆ ಕುಟ್ಟಿ, ಗಂಟಲೆತ್ತಿ ಕೂಗಿದಳು. "ಮೂಗ್ ಮುಚ್ಚ್‌ಕಂಡವ್ರ್ ಸುಂಕ ಕೊಡ್ಕ್!"

ಹಿಂದಿನ ಸಾಲಿನ ಹೆಂಗಸರು ಮೊದಲು ನಕ್ಕರು. ಆಮೇಲೆ ಇಡೀ ಮೈದಾನ ನಕ್ಕಿತು. ಅಧ್ಯಕ್ಷರು ಅತ್ತಿತ್ತ ನೋಡಿ, ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಒಂದೊಂದಾಗಿ ಉಳಿದವರ ಕೈಗಳೂ ಮೂಗಿನಿಂದ ಇಳಿದವು. ಕೊನೆಯ ಕೈ ಇಳಿಯುವವರೆಗೂ ಅವಳು ಮೀನು ಹಿಡಿದ ಕೈ ಇಳಿಸಲಿಲ್ಲ. ಆಮೇಲೆ ಬುಟ್ಟಿಯ ಒಂದು ಬದಿಗೆ ಕೈ ಕೊಟ್ಟು, ಅದನ್ನು ನನ್ನ ತಲೆಗೆ ಏರಿಸಿ, ದಾರಿ ಬಿಟ್ಟು, "ಹೋಯ್ನಿ," ಎಂದಳು.